ಜಿನೋವಾದ ಸಂತ ಕ್ಯಾಥರಿನ್: ಮುರಿದ ಮನೆಯಿಂದ ಆಸ್ಪತ್ರೆಯ ಸೇವೆಗೆ

ಸೆಪ್ಟೆಂಬರ್ 15ರಂದು ನಮ್ಮ ಚರ್ಚುಗಳಲ್ಲಿ ವ್ಯಾಕುಲ ಮಾತೆಯ ಸ್ಮರಣೆ ನಡೆಯುತ್ತದೆ. ಅದೇ ದಿನ ಇಟಲಿಯ ಜಿನೋವಾ ನಗರದ ಸಂತ ಕ್ಯಾಥರಿನರ ಹಬ್ಬವೂ ಹೌದು. ಆದರೆ ಅವರನ್ನು ನೆನೆಯುವವರು ಕಡಿಮೆ. ನನಗೆ ಅವರ ನೆನಪಾದದ್ದು ಶಿವಮೊಗ್ಗದ ವಿನೋಬನಗರದಲ್ಲಿ. ಕರಾವಳಿಯಿಂದ ಘಟ್ಟ ಹತ್ತಿ ಹೋಗಿ ಅಲ್ಲಿ ನೆಲೆಸಿರುವ ಮನೆಯೊಂದಕ್ಕೆ ಭೇಟಿಯಿತ್ತಾಗ, ಗಂಡ ಹೆಂಡಿರ ಮನಸ್ತಾಪದಲ್ಲಿ ಮೊದಲು ಬದಲಾಗಬೇಕಾದವರು ಯಾರು ಫಾದರ್ ಎಂದು ಒಬ್ಬ ತಾಯಿ ಕೇಳಿದರು. ಅಂದು ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಸಂತರ ಬದುಕು ಆ ಪ್ರಶ್ನೆಗೆ ತೀರಾ ಹತ್ತಿರದ್ದು.

ಕ್ಯಾಥರಿನ್ ಹುಟ್ಟಿದ್ದು 1447ರಲ್ಲಿ, ಫಿಯೆಸ್ಕಿ ಎಂಬ ದೊಡ್ಡ ಮನೆತನದಲ್ಲಿ. ಇಬ್ಬರು ಪೋಪರನ್ನು ಕೊಟ್ಟ ಮನೆತನವದು. ಅಕ್ಕ ಕನ್ಯಾಮಠ ಸೇರಿದ್ದರು. ಹದಿಮೂರರ ಹರೆಯದಲ್ಲಿ ತಾನೂ ಅಲ್ಲಿಗೇ ಸೇರಬೇಕೆಂದು ಹೊರಟ ಹುಡುಗಿಯನ್ನು ವಯಸ್ಸು ಸಾಲದೆಂದು ಹಿಂದಕ್ಕೆ ಕಳುಹಿಸಿದರು. ಮೂರು ವರ್ಷ ಕಳೆದು, 1463ರ ಜನವರಿಯಲ್ಲಿ ಮನೆಯವರು ಆಕೆಯನ್ನು ಜುಲಿಯಾನೊ ಅದೋರ್ನೊ ಎಂಬಾತನಿಗೆ ಕೊಟ್ಟು ಮದುವೆ ಮಾಡಿದರು. ಎರಡು ಮನೆತನಗಳ ಹಳೆಯ ರಾಜಕೀಯ ವೈರ ಇದರಿಂದ ತಣಿಯಲಿ ಎಂಬುದು ಹಿರಿಯರ ಲೆಕ್ಕಾಚಾರ. ಹುಡುಗಿಯ ಮನಸ್ಸನ್ನು ಯಾರೂ ಕೇಳಲಿಲ್ಲ.

ಜುಲಿಯಾನೊ ಜೂಜುಕೋರ, ದುಂದುಗಾರ. ಮನೆಯಲ್ಲಿ ನಿಲ್ಲುತ್ತಿದ್ದುದೇ ಅಪರೂಪ. ಇನ್ನೊಬ್ಬ ಹೆಂಗಸಿನ ಸಂಬಂಧವಿತ್ತು, ಆಕೆಯಿಂದ ತೋಬಿಯಾ ಎಂಬ ಮಗಳೂ ಇದ್ದಳು. ಕ್ಯಾಥರಿನರಿಗೆ ಮಕ್ಕಳಾಗಲಿಲ್ಲ. ಮೊದಲ ಐದು ವರ್ಷ ಅವರು ಒಂಟಿಯಾಗಿ ಕೊರಗಿದರು. ಬಳಿಕದ ಐದು ವರ್ಷ ಬಂಧುಗಳ ಮಾತು ಕೇಳಿ ಔತಣ, ಉಡುಗೆ ತೊಡುಗೆ, ಹರಟೆಗಳಲ್ಲಿ ದುಃಖ ಮರೆಯಲು ನೋಡಿದರು. ಅದರಿಂದ ಬೇಸರ ಇನ್ನಷ್ಟು ಹೆಚ್ಚಿತು. ಬದುಕೇ ಬೇಡವೆನಿಸಿ, ತಾನು ಕಾಯಿಲೆ ಬಿದ್ದು ಮಲಗಿದರೂ ಸಾಕೆಂದು ಪ್ರಾರ್ಥಿಸುವ ಮಟ್ಟಿಗೆ ಅವರು ಸೋತಿದ್ದರು.

1473ರ ಮಾರ್ಚ್, ತಪಸ್ಸು ಕಾಲ. ಅಕ್ಕನ ಒತ್ತಾಯಕ್ಕೆ ಪಾಪನಿವೇದನೆಗೆಂದು ಮಠದ ದೇವಾಲಯಕ್ಕೆ ಹೋದರು. ಗುರುಗಳ ಮುಂದೆ ಮೊಣಕಾಲೂರಿದ ಕ್ಷಣ, ದೇವರ ಪ್ರೀತಿ ಎಷ್ಟು ದೊಡ್ಡದು, ತನ್ನ ಬದುಕು ಎಷ್ಟು ಬರಿದು ಎಂಬ ಅರಿವು ಒಮ್ಮೆಲೇ ನಾಟಿತು. ಮಾತು ಹೊರಡಲಿಲ್ಲ. ನಿವೇದನೆಯನ್ನು ಪೂರ್ತಿ ಮಾಡಲಾಗದೆ ಮನೆಗೆ ಮರಳಿ ಅತ್ತರು. ಕೆಲವು ದಿನಗಳ ನಂತರ ಮತ್ತೆ ಹೋಗಿ ಮುಗಿಸಿದರು. ಗಮನಿಸಿ, ಆ ಹೊತ್ತಿಗೆ ಗಂಡ ಎಳ್ಳಷ್ಟೂ ಬದಲಾಗಿರಲಿಲ್ಲ. ಮನೆಯೂ ಹಾಗೆಯೇ ಇತ್ತು. ಅವರು ಅಲ್ಲಿ ನಿವೇದಿಸಿದ್ದು ಗಂಡನ ತಪ್ಪುಗಳನ್ನಲ್ಲ.

ಹೆಚ್ಚು ಕಾಲ ಕಳೆಯುವ ಮುನ್ನ ಜುಲಿಯಾನೊ ಇದ್ದುದನ್ನೆಲ್ಲ ಕಳೆದುಕೊಂಡು ದಿವಾಳಿಯಾದ. ಬರಿಗೈಯಲ್ಲಿ ಬಂದವನಿಗೆ ಮನೆಯಲ್ಲಿ ಸಿಕ್ಕಿದ್ದು ಹಳೆಯ ಕ್ಯಾಥರಿನ್ ಅಲ್ಲ. ಆತನೂ ಪಶ್ಚಾತ್ತಾಪಪಟ್ಟು ಫ್ರಾನ್ಸಿಸ್ಕನ್ ಮೂರನೇ ಸಭೆಗೆ ಸೇರಿದ. ಇಬ್ಬರೂ ಬ್ರಹ್ಮಚರ್ಯಕ್ಕೆ ಒಪ್ಪಿ, ಪಮ್ಮತೋನೆ ಆಸ್ಪತ್ರೆಯ ಬಳಿ ಬಡವರ ಕೇರಿಯಲ್ಲಿ ಚಿಕ್ಕ ಮನೆ ಹಿಡಿದು ರೋಗಿಗಳ ಸೇವೆಗೆ ನಿಂತರು. ಮುಂದೆ ವಾಸವೂ ಆಸ್ಪತ್ರೆಯಲ್ಲೇ ಆಯಿತು. ತೋಬಿಯಾಳ ಹೊಣೆಯನ್ನು ಕ್ಯಾಥರಿನ್ ತಾವೂ ಹೊತ್ತರು. ನನಗಂತೂ ಅವರ ದರ್ಶನಗಳಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಇಲ್ಲೊಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಇಂಥ ಕಥೆಗಳನ್ನು ಹೇಳಿ ಏಟು ತಿನ್ನುವ ಹೆಣ್ಣುಮಕ್ಕಳನ್ನು ಸುಮ್ಮನಿರಿಸುವ ಅಭ್ಯಾಸ ನಮ್ಮಲ್ಲಿದೆ. ಅದು ತಪ್ಪು. ಆತ್ಮಕ್ಕೋ ದೇಹಕ್ಕೋ ಗಂಭೀರ ಅಪಾಯವಿದ್ದಾಗ ಬೇರೆಯಾಗಿ ಇರಲು ಧರ್ಮಸಭೆಯ ಕಾನೂನಿನ 1153ನೇ ನಿಯಮವೇ ಅವಕಾಶ ಕೊಡುತ್ತದೆ. ಕ್ಯಾಥರಿನರ ಬದಲಾವಣೆ ಗಂಡನ ಪಾಪಕ್ಕೆ ಹೊದಿಸಿದ ಮುಸುಕಾಗಿರಲಿಲ್ಲ.

1490ರಲ್ಲಿ ಆ ದೊಡ್ಡ ಆಸ್ಪತ್ರೆಯ ಆಡಳಿತವೇ ಅವರ ಕೈಗೆ ಬಂತು. 1493ರಲ್ಲಿ ಪ್ಲೇಗ್ ಬಡಿದಾಗ ಉಳ್ಳವರು ಊರು ಬಿಟ್ಟರು, ಕ್ಯಾಥರಿನ್ ಬಿಡಲಿಲ್ಲ. ಸಾಯುತ್ತಿದ್ದ ಹೆಂಗಸೊಬ್ಬಳನ್ನು ಮುತ್ತಿಟ್ಟು ತಾವೂ ಜ್ವರಕ್ಕೆ ಸಿಕ್ಕಿ ಬದುಕಿ ಉಳಿದರು. 1497ರಲ್ಲಿ ದೀರ್ಘ ಕಾಯಿಲೆಯಿಂದ ನರಳುತ್ತಿದ್ದ ಜುಲಿಯಾನೊ ತೀರಿಕೊಂಡ. ಅದೇ ವರ್ಷ, ಅವರಿಂದ ಪ್ರೇರಣೆ ಪಡೆದ ಎತ್ತೊರೆ ವೆರ್ನಾಜ್ಜ ಎಂಬ ನೋಟರಿ ಜಿನೋವಾದಲ್ಲಿ ದೈವಪ್ರೀತಿಯ ಸಂಘವನ್ನು ಸ್ಥಾಪಿಸಿದರು. ಶುದ್ಧೀಕರಣ ಸ್ಥಳದ ಕುರಿತ ಅವರ ಬೋಧನೆಯನ್ನೂ ಶಿಷ್ಯರು ಕೂಡಿಸಿಟ್ಟರು.

ಕ್ಯಾಥರಿನ್ 1510ರ ಸೆಪ್ಟೆಂಬರ್ 15ರಂದು ಕೊನೆಯುಸಿರೆಳೆದರು. 1737ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಅವರನ್ನು ಸಂತಪದವಿಗೇರಿಸಿದರು.